ಬೇಸಿಗೆ ಪಾರ್ಕನ್ನು ಚಳಿಗಾಲದ ರಜೆಗೂ ತೆರೆಯಬೇಕೇ? ನಿರ್ಧಾರಕ್ಕೆ ಮುಂಚೆ ನೋಡಬೇಕಾದದ್ದು

ವಸಂತದಲ್ಲಿ ತೆರೆದು ಚಳಿ ಶುರುವಾದಾಗ ಮುಚ್ಚುವ ಅಮ್ಯೂಸ್‌ಮೆಂಟ್ ಪಾರ್ಕುಗಳಲ್ಲಿ ಈ ಪ್ರಶ್ನೆ ಮತ್ತೆ ಮತ್ತೆ ಏಳುತ್ತದೆ. ಡಿಸೆಂಬರ್‌ನಲ್ಲಿ ಮಕ್ಕಳಿಗೆ ರಜೆ. ಮನೆಮಂದಿಯೆಲ್ಲ ಒಟ್ಟಿಗೆ ಹೋಗಿಬರಲು ಒಂದು ಜಾಗ ಹುಡುಕುತ್ತಿರುತ್ತಾರೆ. ಪಾರ್ಕ್ ಮಾತ್ರ ಬೀಗ ಹಾಕಿಕೊಂಡು ನಿಂತಿರುತ್ತದೆ. ಸುಮ್ನೆ ಯಾಕೆ ಮುಚ್ಚಿಡಬೇಕು, ಅಲ್ವಾ?

ತೆರೆದು ಗೆದ್ದವರು ಇದ್ದಾರೆ. ಕೋಪನ್‌ಹೇಗನ್‌ನ ಟಿವೊಲಿ 1843ರಲ್ಲಿ ಶುರುವಾದ ಪಾರ್ಕ್. ಅದು ಕ್ರಿಸ್‌ಮಸ್ ಸೀಸನ್‌ಗೆ ಬಾಗಿಲು ತೆರೆಯಲು ಆರಂಭಿಸಿದ್ದು 1994ರಲ್ಲಿ. ಈಗ ಆ ಪಾರ್ಕಿಗೆ ಚಳಿಗಾಲವೂ ದೊಡ್ಡ ಸೀಸನ್ನೇ. ಅಮೆರಿಕದ ಹರ್ಷಿಪಾರ್ಕ್ 1983ರಿಂದ ಕ್ರಿಸ್‌ಮಸ್ ಸಮಯದಲ್ಲಿ ತೆರೆಯುತ್ತಿದೆ. ನೆದರ್‌ಲ್ಯಾಂಡ್ಸ್‌ನ ಎಫ್ಟೆಲಿಂಗ್ 1999ರಲ್ಲಿ ಚಳಿಗಾಲದ ಸೀಸನ್ ಶುರುಮಾಡಿ, 2010ರಿಂದ ವರ್ಷಪೂರ್ತಿ ತೆರೆದಿರುವ ಪಾರ್ಕಾಯಿತು. ಎಲ್ಲರ ದಾರಿಯೂ ಇಷ್ಟು ನೇರವಾಗಿರಲಿಲ್ಲ. ಒಹಾಯೋದ ಕಿಂಗ್ಸ್ ಐಲ್ಯಾಂಡ್ 2005ರಲ್ಲಿ ತನ್ನ ವಿಂಟರ್‌ಫೆಸ್ಟ್ ನಡೆಸಿ ನಿಲ್ಲಿಸಿತು. ಮತ್ತೆ ಅದು ಮರಳಿದ್ದು 2017ರಲ್ಲಿ.

ಈ ಹೆಸರುಗಳನ್ನು ನೋಡಿ ತಕ್ಷಣ ದೀಪದ ಸರಗಳಿಗೆ ಆರ್ಡರ್ ಕೊಡಬೇಡಿ. ಸಾಮಾನ್ಯವಾಗಿ ಮೀಟಿಂಗ್‌ನಲ್ಲಿ ಮೊದಲು ಕೇಳುವುದು "ಜನ ಬರ್ತಾರಾ?" ಅಂತ. ನನ್ನ ಪ್ರಕಾರ ಮೊದಲು ಕೇಳಬೇಕಾದದ್ದು ಬೇರೆ: ಪಾರ್ಕ್ ಮುಚ್ಚಿರುವ ಆ ವಾರಗಳು ನಿಜವಾಗಿ ಖಾಲಿ ಇವೆಯಾ?

ಮೊದಲ ಹೆಜ್ಜೆ: ರಿಪೇರಿಯ ಕ್ಯಾಲೆಂಡರ್ ಬಿಚ್ಚಿ

ಬಾಗಿಲು ಮುಚ್ಚಿದೆ ಅಂದರೆ ಕೆಲಸ ನಿಂತಿದೆ ಎಂದಲ್ಲ. ಬೇಸಿಗೆಯಿಡೀ ಓಡಿದ ರೈಡ್‌ಗಳನ್ನು ಬಿಚ್ಚಿ ನೋಡುವುದು ಆಗಲೇ. ರೋಲರ್ ಕೋಸ್ಟರ್‌ನ ಬೋಗಿಗಳನ್ನು ಹಳಿಯಿಂದ ಇಳಿಸಿ ವರ್ಕ್‌ಶಾಪ್‌ಗೆ ತರುತ್ತಾರೆ. ಚಕ್ರ, ಬೇರಿಂಗ್, ಆಕ್ಸಲ್ ಎಲ್ಲವೂ ಹೊರಬರುತ್ತವೆ. ವೆಲ್ಡಿಂಗ್ ಆದ ಜಾಗಗಳ ಪೇಂಟ್ ತೆಗೆದು, ಆ ಭಾಗಕ್ಕೆ ಅಯಸ್ಕಾಂತ ಶಕ್ತಿ ಹಾಯಿಸಿ, ಹೊಳೆಯುವ ಬಣ್ಣ ಹಚ್ಚಿದ ಸಣ್ಣ ಕಬ್ಬಿಣದ ಪುಡಿ ಬೆರೆಸಿದ ದ್ರವ ಸುರಿಯುತ್ತಾರೆ. ನಂತರ ಲೈಟ್ ಆರಿಸಿ, ನೇರಳಾತೀತ ದೀಪ ಹಿಡಿದು ನೋಡುತ್ತಾರೆ. ಬಿರುಕು ಇದ್ದರೆ ಪುಡಿ ಅಲ್ಲಿ ಹೋಗಿ ಸೇರಿಕೊಂಡು ಕೂದಲೆಳೆಯಂಥ ಹಸಿರು ಗೆರೆಯಾಗಿ ಹೊಳೆಯುತ್ತದೆ. ಬರಿಗಣ್ಣಿಗೆ ಅದು ಎಷ್ಟು ಹೊತ್ತು ನೋಡಿದರೂ ಕಾಣುವುದಿಲ್ಲ.

ಆ ಗೆರೆ ನವೆಂಬರ್‌ನಲ್ಲಿ ಕಂಡರೆ ಹೊಸ ಭಾಗ ತರಿಸಲು ಟೈಮ್ ಇರುತ್ತದೆ. ಮಾರ್ಚ್‌ನಲ್ಲಿ ಕಂಡರೆ ಬೇಸಿಗೆಯ ಮೊದಲ ತಿಂಗಳುಗಳಲ್ಲಿ ಆ ರೈಡ್ ಇಲ್ಲ ಎಂದೇ ಲೆಕ್ಕ. ಬಹಳಷ್ಟು ಭಾಗಗಳು ಅಂಗಡಿಯಲ್ಲಿ ಸಿಗುವಂಥವಲ್ಲ. ಆರ್ಡರ್ ಕೊಟ್ಟ ಮೇಲೆ ತಯಾರಾಗಬೇಕು.

ಹಾಗಾಗಿ ಮೊದಲು ಒಂದು ದೊಡ್ಡ ಹಾಳೆ ತೆಗೆದುಕೊಂಡು ಮೇಂಟೆನೆನ್ಸ್ ಮುಖ್ಯಸ್ಥರ ಪಕ್ಕ ಕುಳಿತುಕೊಳ್ಳಿ. ಪ್ರತಿ ರೈಡ್‌ನ ಎದುರು ಅದಕ್ಕೆ ಎಷ್ಟು ವಾರದ ಕೆಲಸವಿದೆ ಎಂದು ಬರೆಯಿರಿ. ಪೇಂಟಿಂಗ್, ಕಾಂಕ್ರೀಟ್ ಕೆಲಸ, ಮರದ ಕೋಸ್ಟರ್ ಇದ್ದರೆ ಅದರ ಹಲಗೆ ಬದಲಿಸುವುದು, ಎಲ್ಲವೂ ಬರಲಿ. ಅನಿರೀಕ್ಷಿತ ಕೆಲಸಕ್ಕೆ ಎಂದು ಎರಡು ಮೂರು ವಾರ ಬದಿಗಿಡಿ. ಈಗ ಡಿಸೆಂಬರ್ ತಿಂಗಳನ್ನು ಅಳಿಸಿ ನೋಡಿ. ಉಳಿದ ವಾರಗಳಲ್ಲಿ ಕೆಲಸ ಮುಗಿಯುತ್ತಾ?

ಇದಕ್ಕೊಂದು ದಾರಿ ಇದೆ. ಚಳಿಗಾಲದಲ್ಲಿ ಓಡದ ರೈಡ್‌ಗಳ ಕೆಲಸವನ್ನು ನವೆಂಬರ್, ಡಿಸೆಂಬರ್‌ನಲ್ಲಿ ಮಾಡಿ, ಓಡುವ ರೈಡ್‌ಗಳದ್ದನ್ನು ಜನವರಿಯಿಂದ ಹಿಡಿಯಬಹುದು. ಕಾಗದದ ಮೇಲೆ ಇದು ಚೆಂದ ಕಾಣುತ್ತದೆ. ಆದರೆ ಓಡುವ ಪ್ರತಿ ರೈಡ್‌ಗೂ ಪ್ರತಿದಿನ ಬಾಗಿಲು ತೆರೆಯುವ ಮುಂಚೆ ತಪಾಸಣೆ ಆಗಲೇಬೇಕು. ಅದನ್ನು ಮಾಡುವುದು ಅದೇ ಮೆಕ್ಯಾನಿಕ್‌ಗಳು. ಅವರ ಅರ್ಧ ದಿನ ಅಲ್ಲೇ ಹೋದರೆ ವರ್ಕ್‌ಶಾಪ್‌ನಲ್ಲಿ ಬಿಚ್ಚಿಟ್ಟ ಬೋಗಿಗಳು ಹಾಗೇ ಬಿದ್ದಿರುತ್ತವೆ. ಇಬ್ಬರು ಮೂವರು ಅನುಭವಿ ಮೆಕ್ಯಾನಿಕ್‌ಗಳನ್ನು ಹೆಚ್ಚಿಗೆ ತೆಗೆದುಕೊಳ್ಳಲು ಆಗುವುದಿಲ್ಲ ಅಂದರೆ ಈ ಲೇಖನದ ಉಳಿದ ಭಾಗವನ್ನು ಓದುವ ಮುಂಚೆಯೇ ನಿಮ್ಮ ಉತ್ತರ ಬಹುಪಾಲು ಸಿಕ್ಕಂತೆ. ಡಿಸೆಂಬರ್‌ನ ಟಿಕೆಟ್ ದುಡ್ಡಿಗಾಗಿ ಬೇಸಿಗೆಯ ಸುರಕ್ಷತೆಯನ್ನು ಪಣಕ್ಕಿಡುವ ನಿರ್ಧಾರವನ್ನು ಯಾವ ಮಾಲೀಕರೂ ತೆಗೆದುಕೊಳ್ಳಬಾರದು.

ಎರಡನೆಯದು: ಯಾವ ರೈಡ್ ಎಷ್ಟು ಚಳಿಗೆ ಓಡುತ್ತದೆ?

ರೈಡ್ ತಯಾರಿಸಿದವರು ಕೊಟ್ಟ ಕೈಪಿಡಿಯಲ್ಲಿ ಎಷ್ಟು ಚಳಿಯವರೆಗೆ, ಎಷ್ಟು ಗಾಳಿಯವರೆಗೆ ಓಡಿಸಬಹುದು ಎಂಬ ಮಿತಿ ಇರುತ್ತದೆ. ಆ ಸಂಖ್ಯೆಯ ಜೊತೆ ಚೌಕಾಸಿ ಇಲ್ಲ. ಕೈಪಿಡಿಯಲ್ಲಿ ಇಲ್ಲದಿದ್ದರೆ ತಯಾರಕರಿಗೆ ಬರೆದು, ಲಿಖಿತ ಉತ್ತರ ತರಿಸಿಕೊಳ್ಳಿ.

ಮಿತಿ ಯಾಕೆ ಅಂತ ಗೊತ್ತಿದ್ದರೆ ಒಳ್ಳೆಯದು. ಚಳಿಗೆ ಗ್ರೀಸ್ ಗಟ್ಟಿಯಾಗುತ್ತದೆ. ಕೋಸ್ಟರ್ ಚಕ್ರದ ಮೇಲಿನ ಪಾಲಿಯುರೆಥೇನ್ (ರಬ್ಬರಿನಂಥ ಪ್ಲಾಸ್ಟಿಕ್) ಪದರದ ಗುಣ ಬದಲಾಗುತ್ತದೆ. ಗಾಳಿಯೂ ದಪ್ಪವಾಗುತ್ತದೆ. 30 ಡಿಗ್ರಿ ಸೆಲ್ಸಿಯಸ್‌ನ ಗಾಳಿಗಿಂತ 0 ಡಿಗ್ರಿಯ ಗಾಳಿ ಸುಮಾರು 11% ಹೆಚ್ಚು ಸಾಂದ್ರ. ಅಷ್ಟು ಹೆಚ್ಚಿನ ತಡೆಯನ್ನು ರೈಲು ಎದುರಿಸಬೇಕು. ಇಂಥ ಸಣ್ಣ ಸಣ್ಣ ಕಾರಣ ಸೇರಿ ರೈಲು ನಿಧಾನವಾಗುತ್ತದೆ. ಮುಂದಿನ ಏರು ಹತ್ತಲಾಗದೆ ಹಿಂದೆ ಜಾರಿ, ಎರಡು ಏರುಗಳ ನಡುವಿನ ತಗ್ಗಿನಲ್ಲಿ ನಿಂತುಬಿಡಬಹುದು. ಅಲ್ಲಿಂದ ಜನರನ್ನು ಇಳಿಸುವುದು, ರೈಲನ್ನು ಹೊರಗೆ ತರುವುದು, ಎರಡೂ ದೊಡ್ಡ ಕೆಲಸ. ಇನ್ನೊಂದು ಕಡೆ, ಹಳಿಯ ಮೇಲೆ ಅಥವಾ ಬ್ರೇಕ್ ಮೇಲೆ ಇಬ್ಬನಿ ಹೆಪ್ಪುಗಟ್ಟಿದರೆ ಹಿಡಿತ ಕಡಿಮೆಯಾಗುತ್ತದೆ. ಬ್ರೇಕ್‌ಗೆ ಹೋಗುವ ಗಾಳಿಯ ಪೈಪ್‌ನಲ್ಲಿ ತೇವ ಇದ್ದರೆ ಅದೂ ಹೆಪ್ಪುಗಟ್ಟುತ್ತದೆ. ಸೆನ್ಸರ್ ಮೇಲೆ ಮಂಜು ಕೂತರೆ ಕಂಟ್ರೋಲ್ ರೂಮ್‌ಗೆ ತಪ್ಪು ಸಂದೇಶ ಹೋಗುತ್ತದೆ.

ಹಾಗಾಗಿ ಓಡಿಸುವ ದಿನ ಖಾಲಿ ರೈಲನ್ನು ಹಲವು ಸುತ್ತು ಬಿಟ್ಟು, ಪ್ರತಿ ಸುತ್ತಿಗೆ ಎಷ್ಟು ಸೆಕೆಂಡ್ ಆಯಿತು ಎಂದು ಬರೆದಿಡುವ ಪದ್ಧತಿ ಇರಲೇಬೇಕು. ಸಂಜೆ ಚಳಿ ಏರಿದ ಹಾಗೆ ಮತ್ತೆ ನೋಡಬೇಕು. ಮೊದಲ ಸುತ್ತು ನಿಧಾನ, ಐದನೆಯ ಸುತ್ತಿಗೆ ಸರಿಹೋಗುತ್ತದೆ ಅಂದರೆ ಗ್ರೀಸ್ ಬಿಸಿಯಾಗುತ್ತಿದೆ ಎಂದು ಅರ್ಥ. ಸುತ್ತು ಹೆಚ್ಚಿದರೂ ಸಮಯ ಇಳಿಯದಿದ್ದರೆ ಅವತ್ತು ಆ ರೈಡ್ ಬೇಡ.

ಮಿತಿ ಗೊತ್ತಾದ ಮೇಲೆ ಹವಾಮಾನ ಇಲಾಖೆಯಿಂದ ಹಿಂದಿನ ಹತ್ತು ವರ್ಷದ ಗಂಟೆ ಗಂಟೆಯ ಲೆಕ್ಕ ತೆಗೆದುಕೊಳ್ಳಿ. ತಿಂಗಳ ಸರಾಸರಿ ಯಾವ ಕೆಲಸಕ್ಕೂ ಬರುವುದಿಲ್ಲ. ನೀವು ತೆರೆಯುವ ತಾರೀಕುಗಳಲ್ಲಿ, ಸಂಜೆ 4ರಿಂದ ರಾತ್ರಿ 9ರವರೆಗೆ ಏನಾಗಿತ್ತು ಎಂಬುದು ಬೇಕು. ಚಳಿ, ಗಾಳಿ, ಮಳೆ ಮೂರನ್ನೂ ನೋಡಿ. ಹತ್ತರಲ್ಲಿ ನಾಲ್ಕು ಸಂಜೆ ದೊಡ್ಡ ರೈಡ್ ನಿಲ್ಲಿಸಬೇಕಾಗುತ್ತದೆ ಎಂದು ಕಂಡರೆ, ಆ ರೈಡ್ ಚಳಿಗಾಲಕ್ಕೆ ಇಲ್ಲವೆಂದೇ ಹಿಡಿದು ಯೋಜನೆ ಹಾಕಿ. ಇಲ್ಲ ಅಂದುಕೊಂಡದ್ದು ಒಂದು ದಿನ ಓಡಿದರೆ ಜನಕ್ಕೆ ಖುಷಿ. ಇದೆ ಅಂದದ್ದು ಓಡದಿದ್ದರೆ ಕೌಂಟರ್ ಎದುರು ಜಗಳ.

ರೈಡ್ ಓಡಬಹುದು, ಕೂರುವವರಿಗೆ ಹೇಗಿರುತ್ತದೆ? ಹೊರಗೆ 5 ಡಿಗ್ರಿ ಇದ್ದು ರೈಲು ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಹೋದರೆ ಮುಖಕ್ಕೆ ತಟ್ಟುವ ಚಳಿ ಸುಮಾರು ಮೈನಸ್ 3 ಡಿಗ್ರಿಯಷ್ಟು. ಧೈರ್ಯವಂತ ಹುಡುಗರು ಒಂದು ಸಲ ಕೂರುತ್ತಾರೆ. ಆರು ವರ್ಷದ ಮಗು ಕೂರುವುದಿಲ್ಲ. ಚಳಿಗಾಲದಲ್ಲಿ ಪಾರ್ಕನ್ನು ನಡೆಸುವುದು ಮೆರ್ರಿ ಗೋ ರೌಂಡ್, ಪುಟಾಣಿ ರೈಲು, ಚಾವಣಿ ಇರುವ ರೈಡ್‌ಗಳು, ಮುಚ್ಚಿದ ಕ್ಯಾಬಿನ್‌ನ ಜಯಂಟ್ ವೀಲ್, ಇಂಥವು. ನೀರಿನ ರೈಡ್‌ಗಳ ಮಾತು ಬಿಡಿ, ಅವನ್ನು ಖಾಲಿ ಮಾಡಿಡಬೇಕು.

ಮೂರನೆಯದು: ನೆಲದಡಿಯ ಪೈಪು, ಟಾಯ್ಲೆಟ್

ಎಲ್ಲರೂ ಮರೆಯುವುದು ಇದನ್ನೇ. ಬೇಸಿಗೆಗೆ ಎಂದೇ ಕಟ್ಟಿದ ಪಾರ್ಕಿನಲ್ಲಿ ನೀರಿನ ಪೈಪುಗಳನ್ನು ಬಹಳ ಸಲ ಕಡಿಮೆ ಆಳದಲ್ಲಿ ಹಾಕಿರುತ್ತಾರೆ. ಸೀಸನ್ ಮುಗಿದ ಮೇಲೆ ಕಂಪ್ರೆಸರ್‌ನಿಂದ ಗಾಳಿ ಊದಿ ಪೈಪ್ ಖಾಲಿ ಮಾಡುತ್ತಾರೆ. ನೀರು ಹೆಪ್ಪುಗಟ್ಟಿದಾಗ ಸುಮಾರು 9% ಹಿಗ್ಗುತ್ತದೆ, ಪೈಪ್ ಒಡೆಯಲು ಅಷ್ಟು ಸಾಕು. ಟಾಯ್ಲೆಟ್‌ಗಳ ಗೋಡೆಗೆ ಚಳಿ ತಡೆಯುವ ಪದರ ಇರುವುದಿಲ್ಲ, ಹೀಟರ್ ಇರುವುದಿಲ್ಲ. ಅಡುಗೆಮನೆಗಳ ಕತೆಯೂ ಇದೇ.

ಪಾರ್ಕಿನ ನಕ್ಷೆ ಹರಡಿ. ಪೈಪ್ ಸಾಕಷ್ಟು ಆಳದಲ್ಲಿರುವ ಜಾಗಗಳನ್ನು ಒಂದು ಬಣ್ಣದಲ್ಲಿ ಗುರುತು ಮಾಡಿ. ಬಾಗಿಲು ಹಾಕಿ ಬೆಚ್ಚಗಿಡಬಹುದಾದ ಕಟ್ಟಡಗಳನ್ನು ಇನ್ನೊಂದು ಬಣ್ಣದಲ್ಲಿ. ಚಳಿಗೆ ಓಡುವ ರೈಡ್‌ಗಳನ್ನು ಮೂರನೆಯದರಲ್ಲಿ. ಮೂರೂ ಬಣ್ಣ ಒಂದೇ ಕಡೆ ಸೇರುವ ಜಾಗವೇ ನಿಮ್ಮ ಚಳಿಗಾಲದ ಪಾರ್ಕ್. ಅದು ಇಡೀ ಪಾರ್ಕಿನ ಕಾಲುಭಾಗ ಇರಬಹುದು. ಇರಲಿ ಬಿಡಿ. ಸಣ್ಣ ಜಾಗದಲ್ಲಿ ಜನ ಸೇರಿದರೆ ಕಳೆ ಬರುತ್ತದೆ. ಅಷ್ಟೇ ಜನ ದೊಡ್ಡ ಪಾರ್ಕಿನಲ್ಲಿ ಚದುರಿದರೆ ಭಣಗುಡುತ್ತದೆ.

ಕಾಲುದಾರಿಯ ಹಿಮ ಕರಗಿಸಲು ಉಪ್ಪು ಎರಚುವ ಅಭ್ಯಾಸ ಇದೆ. ರೈಡ್‌ಗಳ ಹತ್ತಿರ ಇದು ಬೇಡವೇ ಬೇಡ. ಉಪ್ಪುನೀರು ಕಬ್ಬಿಣವನ್ನು ತಿನ್ನುತ್ತದೆ, ಗಿಡಗಳನ್ನೂ ಸುಡುತ್ತದೆ. ಅಲ್ಲಿ ಮರಳು ಹಾಕಿ, ಇಲ್ಲವೇ ಕೈಯಿಂದ ಕೆರೆದು ತೆಗೆಯಿರಿ.

ನಾಲ್ಕನೆಯದು: ಲೆಕ್ಕವನ್ನು ಕೆಟ್ಟ ದಿನಗಳನ್ನೂ ಸೇರಿಸಿ ಹಾಕಿ

ಇಲ್ಲಿ ತಾಳ್ಮೆ ಬೇಕು. ಖರ್ಚನ್ನು ಎರಡು ಪಾಲು ಮಾಡಿ. ಒಂದು, ಎಷ್ಟು ದಿನ ತೆರೆದರೂ ಒಮ್ಮೆ ಆಗಿಯೇ ಆಗುವ ಖರ್ಚು: ದೀಪ, ಅದನ್ನು ಕಟ್ಟುವ ಕೂಲಿ, ಬಿಚ್ಚುವ ಕೂಲಿ, ಜಾಹೀರಾತು, ಹೆಚ್ಚುವರಿ ವಿಮೆ, ಹೀಟರ್. ಇನ್ನೊಂದು, ತೆರೆದ ಪ್ರತಿ ದಿನದ ಖರ್ಚು: ಸಂಬಳ, ಕರೆಂಟ್, ಸೆಕ್ಯುರಿಟಿ, ಸ್ವಚ್ಛತೆ.

ಒಂದು ಉದಾಹರಣೆ ನೋಡೋಣ. ಟಿಕೆಟ್ ಕೊಂಡು ಬಂದ ಒಬ್ಬರಿಂದ ಸರಕಿನ ಖರ್ಚು ಕಳೆದು ನಿಮಗೆ ಉಳಿಯುವ ದುಡ್ಡನ್ನು 1 ಎಂದು ಇಟ್ಟುಕೊಳ್ಳಿ. ಒಮ್ಮೆ ಆಗುವ ಖರ್ಚು 20,000. ದಿನದ ಖರ್ಚು 1,500. ಇಪ್ಪತ್ತು ದಿನ ತೆರೆಯುವ ಯೋಜನೆ. ಒಟ್ಟು ಖರ್ಚು 50,000. ಅಂದರೆ ದಿನಕ್ಕೆ ಸರಾಸರಿ 2,500 ಜನ ಬಂದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಮೀಟಿಂಗ್‌ನಲ್ಲಿ ತೋರಿಸುವ ಸ್ಲೈಡ್ ಸಾಮಾನ್ಯವಾಗಿ ಇಲ್ಲಿಗೇ ಮುಗಿಯುತ್ತದೆ.

ಈಗ ಐದು ದಿನ ಮಳೆ ಗಾಳಿಗೆ ಮುಚ್ಚಬೇಕಾಯಿತು ಅನ್ನಿ. ಕೆಲಸದವರಿಗೆ ಕರೆ ಹೋಗಿರುತ್ತದೆ, ತಿಂಡಿ ತಯಾರಾಗಿರುತ್ತದೆ. ಹಾಗಾಗಿ ಆ ದಿನಗಳ ಅರ್ಧ ಖರ್ಚು ಹೇಗೂ ಆಗುತ್ತದೆ. ಒಟ್ಟು ಖರ್ಚು 46,250ಕ್ಕೆ ಇಳಿದರೂ ಅದನ್ನು ಹದಿನೈದೇ ದಿನದಲ್ಲಿ ದುಡಿಯಬೇಕು. ದಿನಕ್ಕೆ ಬೇಕಾದ ಜನ ಸುಮಾರು 3,080.

ಇನ್ನೂ ಮುಗಿದಿಲ್ಲ. ಸೀಸನ್ ಪಾಸ್ ಇರುವವರಿಗೆ ಚಳಿಗಾಲದ ಪ್ರವೇಶ ಉಚಿತ ಎಂದು ನೀವು ಘೋಷಿಸಿದ್ದರೆ? ಬಂದವರಲ್ಲಿ 40% ಪಾಸ್‌ನವರು, ಅವರಿಂದ ತಿಂಡಿ ಪಾರ್ಕಿಂಗ್ ಸೇರಿ 0.3 ಮಾತ್ರ ಉಳಿಯುತ್ತದೆ ಎಂದು ಹಿಡಿಯಿರಿ. ಆಗ ಸರಾಸರಿ ಒಬ್ಬರಿಂದ ಬರುವುದು 0.72. ದಿನಕ್ಕೆ ಬೇಕಾದ ಜನ 4,280ರ ಆಸುಪಾಸು. ಎಲ್ಲಿಯ 2,500, ಎಲ್ಲಿಯ 4,280!

ಪಾಸ್‌ನವರನ್ನು ಬಿಟ್ಟಿ ಗಿರಾಕಿಗಳು ಎಂದು ನೋಡಬೇಡಿ. ಚಳಿಗಾಲದ ಪ್ರವೇಶ ಸಿಗುತ್ತದೆ ಎಂಬ ಕಾರಣಕ್ಕೇ ಮುಂದಿನ ವರ್ಷದ ಪಾಸ್ ಕೊಳ್ಳುವವರು ಇರುತ್ತಾರೆ. ಅದು ದೊಡ್ಡ ಲಾಭವೇ. ಆದರೆ ಅದನ್ನು ಬೇರೆ ಸಾಲಿನಲ್ಲಿ ಬರೆಯಿರಿ, ಡಿಸೆಂಬರ್‌ನ ದಿನದ ಖರ್ಚಿಗೆ ಆ ದುಡ್ಡು ಬಂತೆಂದು ಎರಡೆರಡು ಸಲ ಎಣಿಸಬೇಡಿ. ಹಾಗೆಯೇ, ಡಿಸೆಂಬರ್‌ನಲ್ಲಿ ಬಂದವರು ಏಪ್ರಿಲ್‌ನಲ್ಲಿ ಬರಬೇಕಾಗಿದ್ದವರೇ ಆಗಿದ್ದರೆ ಅದು ಹೊಸ ಆದಾಯ ಅಲ್ಲ.

ನಿಮ್ಮ ಸಂಖ್ಯೆಗಳನ್ನು ಹಾಕಿ ಇದೇ ಮೂರು ಲೆಕ್ಕ ಮಾಡಿ. ಮೂರನೆಯ ಲೆಕ್ಕದಲ್ಲೂ ಗಿಟ್ಟುತ್ತದೆ ಅಂದರೆ ಮುಂದೆ ಹೋಗಿ.

ಐದನೆಯದು: ಕೆಲಸಕ್ಕೆ ಜನ ಸಿಗುತ್ತಾರಾ?

ಬೇಸಿಗೆಯಲ್ಲಿ ರೈಡ್ ನಡೆಸುವವರಲ್ಲಿ ಬಹಳಷ್ಟು ಜನ ಕಾಲೇಜು ವಿದ್ಯಾರ್ಥಿಗಳು. ನವೆಂಬರ್ ಕೊನೆಯಲ್ಲಿ ಅವರಿಗೆ ಪರೀಕ್ಷೆಯ ತಯಾರಿ. ಡಿಸೆಂಬರ್ ಮಧ್ಯದ ತನಕ ಕೈಗೆ ಸಿಗುವುದು ಕಷ್ಟ. ಶುರುವಿನಲ್ಲಿ ವಾರಾಂತ್ಯ ಮಾತ್ರ, ರಜೆ ಬಂದ ಮೇಲೆ ಪ್ರತಿದಿನ ಎಂಬ ವೇಳಾಪಟ್ಟಿ ಹಲವು ಪಾರ್ಕುಗಳಲ್ಲಿ ಇರುವುದಕ್ಕೆ ಇದೂ ಒಂದು ಕಾರಣ. ಹಬ್ಬದ ದಿನ ಕೆಲಸ ಮಾಡುವವರಿಗೆ ಜಾಸ್ತಿ ಕೂಲಿ ಕೊಡಬೇಕು. ಕೊಡದೆ ಇರುವುದು ನ್ಯಾಯವೂ ಅಲ್ಲ.

ಬಂದವರಿಗೆ ಚಳಿಗಾಲದ ತರಬೇತಿ ಬೇರೆಯೇ ಬೇಕು. ಲ್ಯಾಪ್ ಬಾರ್, ಅಂದರೆ ಕೂತವರು ಬೀಳದಂತೆ ತೊಡೆಯ ಮೇಲೆ ಇಳಿಸುವ ಸರಳಿನ ವಿಷಯವನ್ನೇ ತೆಗೆದುಕೊಳ್ಳಿ. ಬೇಸಿಗೆಯಲ್ಲಿ ತೆಳ್ಳನೆ ಬಟ್ಟೆ ಹಾಕಿ ಕೂತವರ ತೊಡೆಗೆ ಬಾರ್ ನೇರವಾಗಿ ತಾಗುತ್ತದೆ. ಚಳಿಗಾಲದಲ್ಲಿ ಉಬ್ಬಿದ ಜಾಕೆಟ್ ಮೇಲೆ ಕೂತುಕೊಳ್ಳುತ್ತದೆ. ಬಿಗಿಯಾಗಿದೆ ಎಂದು ಅನಿಸುತ್ತದೆ. ಅರ್ಧ ನಿಮಿಷದಲ್ಲಿ ಜಾಕೆಟ್‌ನೊಳಗಿನ ಗಾಳಿ ಹೊರಗೆ ಹೋಗಿ ಬಾರ್‌ಗೂ ಮೈಗೂ ನಡುವೆ ಸಂದು ಬೀಳುತ್ತದೆ. ಹಾಗಾಗಿ ಜಾಕೆಟ್‌ನ ಅಂಚು ಮೇಲಕ್ಕೆ ಎತ್ತಿಸಿ, ಬಾರ್ ಒತ್ತಿ, ಸಾಲು ಪೂರ್ತಿ ನೋಡಿ ಬಂದು, ಇನ್ನೊಮ್ಮೆ ಒತ್ತಬೇಕು. ನೋಡುವವರ ಕೈಯಲ್ಲಿ ದಪ್ಪ ಗ್ಲೌಸ್ ಇದ್ದರೆ ಬಾರ್ ಕೂತದ್ದು ಬೆರಳಿಗೆ ಗೊತ್ತಾಗುವುದಿಲ್ಲ. ಅವರಿಗೆ ಹಿಡಿತ ಇರುವ ತೆಳು ಗ್ಲೌಸ್ ಕೊಡಿ, ಬೇಗ ಬೇಗ ಪಾಳಿ ಬದಲಿಸಿ, ಹತ್ತಿರದಲ್ಲೇ ಬೆಚ್ಚಗಿನ ಕೋಣೆ ಇಡಿ. ಕತ್ತಿಗೆ ಸುತ್ತಿದ ಸ್ಕಾರ್ಫ್ ತೆಗೆಸದೆ ಯಾರನ್ನೂ ಕೂರಿಸಬಾರದು. ತಿರುಗುವ ಭಾಗಕ್ಕೆ ಅದು ಸಿಕ್ಕಿಕೊಂಡರೆ ಜೀವಕ್ಕೇ ಅಪಾಯ.

ಆರನೆಯದು: ಬಂದವರಿಗೆ ಏನು ಕೊಡುತ್ತೀರಿ?

ಇಷ್ಟು ಹೊತ್ತೂ ಎಚ್ಚರಿಕೆಯ ಮಾತೇ ಆಯಿತು. ಚಳಿಗಾಲದ ಪಾರ್ಕ್ ಚೆನ್ನಾಗಿ ಆದಾಗ ಅದರ ಸೊಗಸೇ ಬೇರೆ. ಕೋಪನ್‌ಹೇಗನ್‌ನಲ್ಲಿ ಡಿಸೆಂಬರ್ ಕೊನೆಗೆ ಸೂರ್ಯ ಮುಳುಗುವುದು ಮಧ್ಯಾಹ್ನ 4ಕ್ಕೂ ಮುಂಚೆ. ಮಕ್ಕಳು ಇನ್ನೂ ಲವಲವಿಕೆಯಿಂದ ಇರುವಾಗಲೇ ಕತ್ತಲಾಗಿರುತ್ತದೆ, ದೀಪಗಳೆಲ್ಲ ಹೊತ್ತಿರುತ್ತವೆ. ಬೇಸಿಗೆಯಲ್ಲಿ ಆ ದೀಪ ನೋಡಬೇಕಾದರೆ ರಾತ್ರಿ ಹತ್ತರವರೆಗೆ ಕಾಯಬೇಕು. ಬೇಸಿಗೆಯ ಜನ ಎಷ್ಟು ರೈಡ್ ಹತ್ತಿದೆವು ಎಂದು ಎಣಿಸುತ್ತಾರೆ. ಚಳಿಗಾಲದವರು ನಿಧಾನಕ್ಕೆ ಅಡ್ಡಾಡುತ್ತಾರೆ, ಫೋಟೋ ತೆಗೆಯುತ್ತಾರೆ, ಬಿಸಿ ಏನಾದರೂ ಕುಡಿಯುತ್ತಾರೆ, ಹಾಡು ಕೇಳುತ್ತಾರೆ. ಅಜ್ಜ ಅಜ್ಜಿಯರೂ ಜೊತೆಗೆ ಬರುತ್ತಾರೆ.

ಹಾಗಾಗಿ ದುಡ್ಡು ಹಾಕಬೇಕಾದದ್ದು ಬೆಳಕಿಗೆ, ಬೆಚ್ಚಗಿನ ಜಾಗಕ್ಕೆ, ಹಾಡು ಕುಣಿತಕ್ಕೆ. ಇರುವುದನ್ನೇ ಬಳಸಿಕೊಳ್ಳುವುದು ಜಾಣತನ. ಕಿಂಗ್ಸ್ ಐಲ್ಯಾಂಡ್ ತನ್ನ ಮುಂಬಾಗಿಲಿನ ಕಾರಂಜಿಯ ಕೊಳವನ್ನೇ ಸ್ಕೇಟಿಂಗ್ ಅಂಗಳ ಮಾಡಿತು. ಅಲ್ಲಿನ ಐಫೆಲ್ ಟವರ್ ಪ್ರತಿಕೃತಿಗೆ ದೀಪದ ಸರ ಇಳಿಬಿಟ್ಟು ಕ್ರಿಸ್‌ಮಸ್ ಮರ ಮಾಡಿತು. ಬೇಸಿಗೆಯ ಗುರುತುಗಳೇ ಬೇರೆ ವೇಷದಲ್ಲಿ ನಿಂತಾಗ ಪಾರ್ಕನ್ನು ಬಲ್ಲವರಿಗೆ ಅದೊಂದು ಸಂಭ್ರಮ.

ಹೊರಗಿನ ವೈರಿಂಗ್ ಮಳೆ ಹಿಮ ತಡೆಯುವ ದರ್ಜೆಯದ್ದೇ ಇರಲಿ. ಪ್ರತಿ ಸರಕ್ಕೂ ಸೋರಿಕೆ ಆದ ತಕ್ಷಣ ಕರೆಂಟ್ ಕಡಿಯುವ ಬ್ರೇಕರ್ ಇರಲಿ. ಹೀಟರ್‌ಗಳು ಎಲ್‌ಇಡಿ ದೀಪಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಕರೆಂಟ್ ಎಳೆಯುತ್ತವೆ, ಎಲೆಕ್ಟ್ರಿಷಿಯನ್ ಕೈಲಿ ಲೋಡ್ ಲೆಕ್ಕ ಮಾಡಿಸಿ. ಬೆಚ್ಚಗೆ ಕೂರುವ ಜಾಗ ಎಷ್ಟು ಹತ್ತಿರ ಹತ್ತಿರ ಇದ್ದರೆ ಜನ ಅಷ್ಟು ಹೊತ್ತು ಉಳಿಯುತ್ತಾರೆ. ಮಗುವಿನ ಒದ್ದೆ ಗ್ಲೌಸ್ ಒಣಗಿಸಲು ಜಾಗ ಸಿಗದ ತಾಯಿ ಗೇಟಿನ ಕಡೆ ನಡೆಯುತ್ತಾಳೆ. ಡಯಾಪರ್ ಬದಲಿಸುವ ಕೋಣೆ ಬೆಚ್ಚಗಿರದಿದ್ದರೆ ಅವರು ಮುಂದಿನ ವರ್ಷ ಬರುವುದೇ ಇಲ್ಲ.

ಏಳನೆಯದು: ಕೊಡುವ ಮಾತು

ಟಿಕೆಟ್ ಮಾರುವ ಜಾಗದಲ್ಲೇ ಯಾವ ರೈಡ್ ಇರುತ್ತದೆ, ಯಾವುದು ಇರುವುದಿಲ್ಲ ಎಂದು ದೊಡ್ಡ ಅಕ್ಷರದಲ್ಲಿ ಹಾಕಿ. ಎಷ್ಟು ಡಿಗ್ರಿಗೆ ಯಾವುದು ನಿಲ್ಲುತ್ತದೆ ಎಂಬುದನ್ನೂ ಹೇಳಿ. ಬೇಸಿಗೆಯ ದರ ಇಡಬೇಡಿ. ಪಾರ್ಕೇ ಮುಚ್ಚಬೇಕಾದ ದಿನ ಬೇರೆ ದಿನಕ್ಕೆ ಟಿಕೆಟ್ ಬದಲಿಸಿಕೊಡುವುದು ಅಥವಾ ದುಡ್ಡು ವಾಪಸ್, ಎರಡರಲ್ಲಿ ಯಾವುದು ಬೇಕೆಂದು ಗಿರಾಕಿಯೇ ಆರಿಸಲಿ. ಮುಚ್ಚುವ ನಿರ್ಧಾರವನ್ನು ಜನ ಮನೆಯಿಂದ ಹೊರಡುವ ಮುಂಚೆ, ಅಂದರೆ ಬೆಳಿಗ್ಗೆಯೇ ತಿಳಿಸಿ.

ತೆರೆಯುವುದಾದರೆ, ಮೊದಲ ವರ್ಷ ಸಣ್ಣದಾಗಿ

ಈ ಎಲ್ಲ ಹೆಜ್ಜೆ ದಾಟಿದ ಮೇಲೂ "ಹೂಂ" ಅನ್ನುವುದಾದರೆ ನಿರ್ಧಾರ ಏಪ್ರಿಲ್ ಒಳಗೆ ಆಗಬೇಕು. ದೀಪಗಳಿಗೆ ಆರ್ಡರ್ ಕೊಡಬೇಕು, ಮೆಕ್ಯಾನಿಕ್‌ಗಳನ್ನು ಹುಡುಕಬೇಕು, ಸೀಸನ್ ಪಾಸ್‌ನ ನಿಯಮ ಬರೆಯಬೇಕು. ದೀಪ ಕಟ್ಟುವ ಕೆಲಸ ಸೆಪ್ಟೆಂಬರ್‌ನಲ್ಲೇ ಶುರುವಾಗುತ್ತದೆ. ಅಕ್ಟೋಬರ್‌ನಲ್ಲಿ ಹ್ಯಾಲೋವೀನ್ ಕಾರ್ಯಕ್ರಮ ಇರುವ ಪಾರ್ಕಿನಲ್ಲಿ ಒಂದನ್ನು ಬಿಚ್ಚುತ್ತಾ ಇನ್ನೊಂದನ್ನು ಕಟ್ಟಬೇಕು. ಬೇಸಿಗೆಯ ಕೊನೆಗೆ ನಿರ್ಧರಿಸಿ ಡಿಸೆಂಬರ್‌ಗೆ ತೆರೆಯುತ್ತೇವೆ ಅನ್ನುವುದು ಆಗದ ಮಾತು.

ಮೊದಲ ವರ್ಷ ಹತ್ತು ಹನ್ನೆರಡು ದಿನ ಸಾಕು. ಪ್ರತಿದಿನ ರಾತ್ರಿ ಬಾಗಿಲು ಮುಚ್ಚಿದ ಮೇಲೆ ಒಂದು ಹಾಳೆ ತುಂಬಿಸಿ: ಗಂಟೆ ಗಂಟೆಗೆ ಎಷ್ಟು ಡಿಗ್ರಿ ಇತ್ತು, ಯಾವ ರೈಡ್ ಎಷ್ಟು ಹೊತ್ತು ನಿಂತಿತು, ಜನ ಎಷ್ಟು ಗಂಟೆಗೆ ಬಂದರು, ಎಷ್ಟು ಗಂಟೆಗೆ ಹೊರಟರು, ಪಾಸ್‌ನವರು ಎಷ್ಟು, ಯಾವ ಕೌಂಟರ್‌ನಲ್ಲಿ ಬಿಸಿ ಪಾನೀಯ ಮುಗಿದುಹೋಯಿತು. ಜನ ಒಂದೂವರೆ ಗಂಟೆಯಲ್ಲೇ ವಾಪಸ್ ಹೋಗುತ್ತಿದ್ದರೆ ಬೆಚ್ಚಗಿನ ಜಾಗ ಸಾಲುತ್ತಿಲ್ಲ ಎಂದೇ ಮೊದಲು ಅನುಮಾನಿಸಿ. ಜನವರಿಯಲ್ಲಿ ಮೆಕ್ಯಾನಿಕ್‌ಗಳನ್ನು ಕೂರಿಸಿಕೊಂಡು ಬೇಸಿಗೆಯ ತಯಾರಿ ಎಷ್ಟು ದಿನ ಹಿಂದೆ ಬಿದ್ದಿದೆ ಎಂದು ಕೇಳಿ. ಆ ಉತ್ತರ ನಿಮಗೆ ಇಷ್ಟವಾಗದಿರಬಹುದು, ಆದರೂ ಅದನ್ನು ಬರೆದಿಡಿ.

ಈ ಸಲ ಬೇಡ ಎಂದು ಉತ್ತರ ಬಂದರೆ ಚಳಿಗಾಲವನ್ನು ಸುಮ್ಮನೆ ಕಳೆಯಬೇಡಿ. ಹೇಗೂ ನೆಲ ಅಗೆಯುವ ರಿಪೇರಿ ಇದ್ದರೆ ಅದರ ಜೊತೆಗೇ ಮುಖ್ಯ ದಾರಿಯ ಪೈಪನ್ನು ಆಳಕ್ಕೆ ಹಾಕಿಸಿ. ಹೊಸ ಟಾಯ್ಲೆಟ್ ಕಟ್ಟುವಾಗ ಗೋಡೆಗೆ ಚಳಿ ತಡೆಯುವ ಪದರ ಕೊಡಿಸಿ. ಮುಂದೆ ಕೊಳ್ಳುವ ರೈಡ್‌ನ ಆರ್ಡರ್‌ನಲ್ಲಿ ಎಷ್ಟು ಚಳಿಯವರೆಗೆ ಅದು ಓಡಬೇಕು ಎಂಬ ಷರತ್ತು ಸೇರಿಸಿ. ಎರಡು ಮೂರು ವರ್ಷ ಹೀಗೆ ಮಾಡಿದ ಮೇಲೆ ಅದೇ ನಕ್ಷೆ ಹರಡಿ, ಮೂರು ಬಣ್ಣಗಳನ್ನು ಮತ್ತೆ ಹಾಕಿ ನೋಡಿ.